ಲೈಡನ್ ಊರಿನ ಅಂಗಳದಲ್ಲಿ ಕೊಬ್ಬರಿ ಬಾಚಿದ್ದು

ಹೊರಡುವ ಮುಂಚಿನ ಜಗಳ

ಕಟ್ಟಡ ನೋಡಲು ವಿಮಾನ ಹತ್ತಬೇಕು ಎಂಬ ಮಾತನ್ನು ನಾನು ಒಪ್ಪುವವಳಲ್ಲ. ಅರಳುಗುಪ್ಪೆಯ ಹೊಯ್ಸಳ ಗುಡಿಗೆ ನಮ್ಮೂರಿನಿಂದ ಸ್ಕೂಟರಿನಲ್ಲಿ ಹೋಗಿ ಊಟದ ಹೊತ್ತಿಗೆ ಮನೆ ಸೇರಬಹುದು. ತುರುವೇಕೆರೆಯ ನಂದಿಯನ್ನು ಬಸ್ಸಿಗೆ ಕಾಯುವ ಬಿಡುವಿನಲ್ಲೇ ನೋಡಬಹುದು. ಇವನ್ನು ಸರಿಯಾಗಿ ನೋಡದವರು ಪರದೇಶದ ಗೋಡೆ ಕಂಡು ಬಂದು ಪುಟಗಟ್ಟಲೆ ಬರೆಯುವುದು ಢೋಂಗಿ ಎಂದು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ವಾದಿಸಿ ಕಪ್ ತಂದವಳು ನಾನು. ಅಂಥವಳು ನೆದರ್‌ಲೆಂಡ್ಸ್ ದೇಶದ ಲೈಡನ್ ಎಂಬ ಊರಿನಲ್ಲಿ ಇಡೀ ದಿನ ಗೋಡೆ ನೋಡುತ್ತ ಅಲೆದೆ ಎಂದರೆ ಕಾರಣ ಕೊಡಬೇಕಾಗುತ್ತದೆ.

ಕಾರಣವೂ ಒಂದು ಗೋಡೆಯೇ. ಹಾಲ್ಕುರಿಕೆ ಕಡೆಯ ನಮ್ಮೂರಿನಲ್ಲಿ ಅಪ್ಪ ಮತ್ತು ಗಿರಿಜತ್ತೆ ಸೇರಿ ಹೊಸ ಮನೆ ಕಟ್ಟಿಸುತ್ತಿದ್ದರು. ಗಿರಿಜತ್ತೆ ಅಪ್ಪನ ಅಕ್ಕ, ಮೊದಲಿನಿಂದಲೂ ನಮ್ಮೊಡನೆ ಇರುವವರು, ತೋಟದ ಯಜಮಾನಿಕೆಯೆಲ್ಲ ಅವರದೇ. ಮನೆ ಮೇಲೆದ್ದಿತ್ತು. ಅಂಗಳದ ಸುತ್ತ ಕಾಂಪೌಂಡ್ ಗೋಡೆ ಬೇಕೋ ಬೇಡವೋ ಎಂಬುದೊಂದೇ ಬಾಕಿ. ನಾನು ಬೇಕು ಎಂದೆ, ಅತ್ತೆ ಬೇಡ ಎಂದರು.

ನಮ್ಮ ಕಡೆಯವರಲ್ಲದ ಓದುಗರಿಗೆ ಒಂದು ವಿಷಯ ಹೇಳಬೇಕು. ಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷವಿಡೀ ಒಣಗಲು ಬಿಟ್ಟು, ಆಮೇಲೆ ಸುಲಿದು, ಚಿಪ್ಪು ಒಡೆದು ಕೊಬ್ಬರಿ ತೆಗೆಯುತ್ತೇವೆ. ಮಂಡಿಗೆ ಹಾಕುವ ಮುಂಚೆ ಅದನ್ನು ಅಂಗಳದಲ್ಲಿ ಬಿಸಿಲಿಗೆ ಹರಡುತ್ತೇವೆ. ನೀರು ತಾಗಿದರೆ ಬೂಷ್ಟು ಹಿಡಿದು ವರ್ಷದ ಕಾಯುವಿಕೆಯೇ ಹಾಳು. ಆದ್ದರಿಂದ ಹನಿ ಬಿದ್ದ ಕೂಡಲೇ ದಾರಿಯಲ್ಲಿ ಹೋಗುವವರು, ಎದುರು ಮನೆಯವರು, ಮಾತು ಬಿಟ್ಟ ದಾಯಾದಿಗಳು ಕೂಡ ಓಡಿ ಬಂದು ಬಾಚಿ ಜಗಲಿಗೆ ಹಾಕಿ ಹೋಗುತ್ತಾರೆ. ಯಾರ ಕೊಬ್ಬರಿ ಎಂದು ಯಾರೂ ಕೇಳುವುದಿಲ್ಲ. ಉಪಕಾರವಾಯಿತು ಎಂದು ಹೇಳುವ ಪದ್ಧತಿಯೂ ಇಲ್ಲ, ನಾಳೆ ಅವರ ಅಂಗಳಕ್ಕೆ ನಾವು ಓಡುತ್ತೇವೆ.

ಇದು ಅತ್ತೆಯ ಪಕ್ಷ. ನನ್ನ ಪಕ್ಷವೂ ಬಲವಾಗಿತ್ತು. ಕೊಬ್ಬರಿ ಬೆಲೆ ಏರಿದ ಮೇಲೆ ಕಳ್ಳರ ಕಾಟವೂ ಏರಿದೆ. ಹಿಂದಿನ ಬೇಸಿಗೆಯಲ್ಲಿ ನಮ್ಮ ಅಂಗಳದಿಂದಲೇ ಎರಡು ಚೀಲ ಹೋದವು. ತೆರೆದ ಅಂಗಳಕ್ಕೆ ನೆರೆಯವರು ಬರುತ್ತಾರೆ ನಿಜ, ಕಳ್ಳರೂ ಅದೇ ದಾರಿಯಲ್ಲಿ ಬರುತ್ತಾರೆ ಎಂದೆ.

“ಗೋಡೆ ಹಾಕ್ಸು, ಗೇಟಿಗೆ ಬೀಗ ಜಡಿ,” ಎಂದರು ಅತ್ತೆ. “ಮಳೆ ಬಂದಾಗ ರಂಗಮ್ಮ ಹೊರಗೆ ನಿಂತು ನಿನ್ನ ಗೋಡೆ ನೋಡ್ಕೊಂಡು ಓಯ್ತಾಳೆ.” ರಂಗಮ್ಮ ನಮ್ಮ ಎದುರು ಮನೆಯವರು, ಬಾಚುವುದರಲ್ಲಿ ಊರಿಗೇ ಮೊದಲು.

ನೀವಿಬ್ಬರೂ ಒಂದು ಮಾತಿಗೆ ಬನ್ನಿ, ಆಮೇಲೆ ಮೇಸ್ತ್ರಿಗೆ ಹೇಳೋಣ ಎಂದು ಅಪ್ಪ ಕೈ ತೊಳೆದುಕೊಂಡರು. ಅಷ್ಟರಲ್ಲಿ ಲೈಡನ್ನಿನಲ್ಲಿ ಸಂಶೋಧನೆ ಮಾಡುತ್ತಿರುವ ಅತ್ತೆಯ ಮಗಳು ಸ್ಮಿತಾ ತನ್ನ ಪ್ರಬಂಧದ ಮೌಖಿಕ ಪರೀಕ್ಷೆಗೆ ಕರೆದಳು. ಅಲ್ಲಿ ಅದನ್ನು ಬಂಧುಗಳೆದುರು ನಡೆಸುತ್ತಾರಂತೆ. ವಾದ ಬಗೆಹರಿಯದೆಯೇ ನಾವಿಬ್ಬರೂ ಹೊರಟೆವು. ನಾಗರಾಜು ಮೇಸ್ತ್ರಿ ಮಾತ್ರ, ಬ್ಲಾಕ್ ತರಿಸುವ ಮುಂಚೆ ಫೋನ್ ಮಾಡುತ್ತೇನೆ, ಆಗ ಒಂದೇ ಉತ್ತರ ಕೊಡಿ ಎಂದು ಕೈಮುಗಿದರು.

ಪದ್ಯ ಬರೆದ ಗೋಡೆ

ಪರೀಕ್ಷೆಯ ಹಿಂದಿನ ದಿನ ಸ್ಮಿತಾಳಿಗೆ ನಮ್ಮನ್ನು ಮನೆಯಿಂದ ಹೊರಗೆ ಹಾಕುವುದು ಬೇಕಿತ್ತು. ಒಂದು ನಕ್ಷೆ ಕೊಟ್ಟು, ಈ ನೀಲಿ ಗೆರೆ ಹಿಡಿದು ನಡೆಯಿರಿ, ಊರಿನ ಚಿತ್ರ, ಹಳೇ ಕಟ್ಟಡ ಎಲ್ಲ ಸಿಗುತ್ತವೆ, ಗೈಡ್ ಬೇಕಿಲ್ಲ ಎಂದಳು. ಗೈಡ್ ಇಲ್ಲದಿರುವುದು ನನಗೆ ಹಿಡಿಸಿತು. ಗೈಡ್ ಹೇಳಿದ್ದನ್ನೆಲ್ಲ ನಂಬಬೇಕಾಗುತ್ತದೆ, ನಕ್ಷೆಯ ಜೊತೆ ಜಗಳವಾಡಬಹುದು.

ಜಗಳ ಮೊದಲ ಸೇತುವೆಯಲ್ಲೇ ಶುರುವಾಯಿತು. ಬರುವಾಗ ನೀರು ಎಡಕ್ಕಿತ್ತು, ಆದ್ದರಿಂದ ಹೀಗೆ ಹೋಗಬೇಕು ಎಂದರು ಅತ್ತೆ. ನಾನು ನಕ್ಷೆ ನಂಬಿದೆ. ಆ ಊರಿನಲ್ಲಿ ನೀರು ಎಲ್ಲ ಕಡೆಗೂ ಇದೆ, ನಕ್ಷೆಯನ್ನು ನಾನು ತಲೆಕೆಳಗಾಗಿ ಹಿಡಿದಿದ್ದೆ. ಹಾಗಾಗಿ ಇಬ್ಬರೂ ಒಂದೇ ಬೇಕರಿಯ ಮುಂದೆ ಮತ್ತೆ ಮತ್ತೆ ಬಂದು ನಿಂತೆವು. ನಡುವೆ ನಾವು ನಿಂತು ವಾದಿಸುತ್ತಿದ್ದ ಕೆಂಪು ಹಾದಿ ಸೈಕಲ್ಲುಗಳದ್ದೆಂದು ಹಿಂದಿನಿಂದ ಬಂದ ಗಂಟೆಗಳ ಸಾಲು ತಿಳಿಸಿತು. ಯಾರೂ ಬೈಯಲಿಲ್ಲ. ರಸ್ತೆಗೆ ಅಡ್ಡ ನಿಂತ ಎಮ್ಮೆಯನ್ನು ನಮ್ಮ ಬಸ್ಸಿನ ಡ್ರೈವರ್ ನೋಡುವ ಹಾಗೆ ನೋಡಿ ಸುತ್ತಿ ಹೋದರು.

ಲೈಡನ್ನಿನಲ್ಲಿ ಮನೆಗಳ ಪಕ್ಕದ ಗೋಡೆಯ ಮೇಲೆ ಪದ್ಯ ಬರೆಸುತ್ತಾರೆ. ಆಳೆತ್ತರದ ಅಕ್ಷರ, ನಾನಾ ಭಾಷೆ, ನಾನಾ ಲಿಪಿ. ಮೊದಲನೆಯದರ ಮುಂದೆ ನಿಂತ ಅತ್ತೆ, ಇಲ್ಲಿ ಏನು ಮಾರುತ್ತಾರೆ ಎಂದು ಕೇಳಿದರು. ತಪ್ಪಲ್ಲ. ನಮ್ಮ ಕಡೆ ಗೋಡೆಯ ಮೇಲೆ ಅಷ್ಟು ದೊಡ್ಡ ಅಕ್ಷರ ಕಂಡರೆ ಅದು ಸಿಮೆಂಟೋ, ಬನಿಯನ್ನೋ, ಇಂಗ್ಲಿಷ್ ಮೀಡಿಯಂ ಶಾಲೆಯೋ ಆಗಿರುತ್ತದೆ. ಏನೂ ಮಾರುವುದಿಲ್ಲ, ಪದ್ಯ ಎಂದೆ. ಓದು ಎಂದರು. ಅದು ನನಗೆ ಬಾರದ ಲಿಪಿ. ಎಂ.ಎ. ಮಾಡಿದ ನಾನು ಮತ್ತು ಏಳನೇ ಕ್ಲಾಸಿನ ಅತ್ತೆ ಆ ಗೋಡೆಯ ಮುಂದೆ ಸರಿಸಮ ನಿರಕ್ಷರಿಗಳಾಗಿ ನಿಂತೆವು. ನಾಯಿ ಹಿಡಿದು ಬಂದ ಮುದುಕರೊಬ್ಬರನ್ನು ಅರ್ಥ ಕೇಳಿದೆ. ನನಗೂ ಗೊತ್ತಿಲ್ಲ, ದಿನಾ ಇದೇ ದಾರಿಯಲ್ಲಿ ನಾಯಿ ತಿರುಗಿಸುತ್ತೇನೆ, ಮೂರನೇ ಸಾಲಿನ ಕೊನೆಯ ಅಕ್ಷರದ ಬಾಲ ಚೆನ್ನಾಗಿದೆ ಎಂದರು.

ಅವಕಾಶ ಬಿಡುವುದುಂಟೇ? ನೋಡಿ ಅತ್ತೆ, ಗೋಡೆ ಇದ್ದರೆ ಪದ್ಯವಾದರೂ ಬರೆಸಬಹುದು ಎಂದೆ.

“ಇದು ಮನೆ ಗೋಡೆ ಕಣೇ. ಮೇಲೆ ಸೂರು ಹೊತ್ಕೊಂಡೈತೆ,” ಎಂದರು. “ನಿನ್ನ ಗೋಡೆ ಏನು ಹೊರ್ತದೆ?”

ಒಳ್ಳೆಯ ಪ್ರಶ್ನೆ. ನಾನು ನಕ್ಷೆ ತೆಗೆದು ಮುಂದಿನ ಬೀದಿ ಹುಡುಕಿದೆ.

ಪರದೆ ಇಲ್ಲದ ಕಿಟಕಿ

ಹಳೇ ಕಾಲುವೆಯ ದಂಡೆಯಲ್ಲಿ ಇಟ್ಟಿಗೆಯ ಮನೆಗಳು ಬಸ್ಸಿನಲ್ಲಿ ಸೀಟಿಗೆ ಒತ್ತಿಕೊಂಡು ಕೂತವರ ಹಾಗೆ ಒಂದಕ್ಕೊಂದು ಭುಜ ತಾಗಿಸಿ ನಿಂತಿವೆ. ಕೆಲವು ಮನೆಗಳ ನೆತ್ತಿಯಲ್ಲಿ ಒಂದು ತೊಲೆ ಹೊರಚಾಚಿದೆ, ಅದಕ್ಕೊಂದು ಕೊಕ್ಕೆ. ಕಾಲುವೆಯಲ್ಲಿ ದೋಣಿಯಿಂದ ಬಂದ ಮಾಲನ್ನು ಹಗ್ಗ ಕಟ್ಟಿ ಮೇಲಕ್ಕೆಳೆದು ಅಟ್ಟಕ್ಕೆ ಸೇರಿಸುತ್ತಿದ್ದರಂತೆ. ಇದನ್ನು ನಕ್ಷೆಯ ಹಿಂಬದಿಯಿಂದ ಓದಿ ಹೇಳಿದಾಗ ಅತ್ತೆಗೆ ಆ ಊರಿನ ಮೇಲೆ ಮೊದಲ ಸಲ ವಿಶ್ವಾಸ ಬಂತು. ಇಲಿ ಕಾಟಕ್ಕೆ ಏನು ಮಾಡುತ್ತಿದ್ದರಂತೆ ಎಂದು ಕೇಳಿದರು. ನಕ್ಷೆಯಲ್ಲಿ ಅದು ಇರಲಿಲ್ಲ. ಕಲಾ ಇತಿಹಾಸ ಬರೆಯುವವರು ಇಲಿಯ ವಿಷಯ ಏಕೆ ಬಿಡುತ್ತಾರೋ ತಿಳಿಯದು.

ಮನೆಗಳಿಗೆ ಕಾಂಪೌಂಡ್ ಇಲ್ಲ. ಬೀದಿ ಮುಗಿದಲ್ಲಿ ಬಾಗಿಲು. ಕಿಟಕಿಗಳಿಗೆ ಹಗಲಲ್ಲಿ ಪರದೆಯೂ ಇಲ್ಲ. ಒಳಗೆ ಯಾರೋ ಸೂಪು ಕುಡಿಯುತ್ತಿದ್ದಾರೆ, ಬೆಕ್ಕು ಮಲಗಿದೆ, ಮಗು ಪಾಠ ಬರೆಯುತ್ತಿದೆ, ಎಲ್ಲ ನಮಗೆ ಕಾಣುತ್ತದೆ. ಅತ್ತೆಯ ಮುಖದಲ್ಲಿ ಗೆಲುವು ಮೂಡಿತು. ಆದರೆ ನಾನು ಇನ್ನೊಂದನ್ನು ಗಮನಿಸಿದೆ. ಆ ಬೀದಿಯಲ್ಲಿ ನಡೆಯುತ್ತಿದ್ದ ಯಾರೂ ಒಳಗೆ ನೋಡುತ್ತಿರಲಿಲ್ಲ. ನೋಡುತ್ತಿದ್ದವರು ನಾವಿಬ್ಬರೇ. ಇದು ತೆರೆದ ಮನೆಯಲ್ಲ ಅತ್ತೆ, ಕಣ್ಣಿಗೆ ಕಾಣದ ಗೋಡೆ ಕಟ್ಟಿದ್ದಾರೆ ಎಂದೆ. ಅತ್ತೆ ಅಷ್ಟು ಹೊತ್ತಿಗೆ ಸೂಪು ಕುಡಿಯುತ್ತಿದ್ದ ಹೆಂಗಸಿಗೆ ಕೈಬೀಸಿ ಆಗಿತ್ತು. ಆಕೆ ಚಮಚ ಹಿಡಿದ ಕೈಯನ್ನೇ ಬೀಸಿದಳು. ವಾದಕ್ಕೆ ಸಾಕ್ಷಿ ಹೀಗೆ ಕೈಬೀಸಿದರೆ ಏನು ಮಾಡುವುದು?

ಸ್ವಲ್ಪ ಮುಂದೆ ಒಂದು ಮನೆಯ ಮುಂದಿದ್ದ ಬೆಂಚಿನ ಮೇಲೆ ಅತ್ತೆ ಕೂತುಬಿಟ್ಟರು, ಊರಲ್ಲಿ ಯಾರದೋ ಜಗಲಿಯ ಮೇಲೆ ಕೂರುವ ಹಾಗೆ. ಅದು ಆ ಮನೆಯವರ ಸ್ವಂತ ಬೆಂಚು, ಸಾರ್ವಜನಿಕರದ್ದಲ್ಲ ಎಂದು ನಾನು ಹೇಳುವಷ್ಟರಲ್ಲಿ ಬಾಗಿಲು ತೆರೆದು ಕಾಫಿ ಲೋಟ ಹಿಡಿದ ಮನುಷ್ಯರೊಬ್ಬರು ಬಂದರು. ಅವರು ಕೂರಲೆಂದೇ ಬಂದಿದ್ದು. ಅತ್ತೆಯ ಬೂಟು, ಸ್ವೆಟರಿನ ಕೆಳಗಿನ ಸೀರೆ ನೋಡಿ, ಕೂತಿರಿ ಎಂದು ಸನ್ನೆ ಮಾಡಿ, ತಮ್ಮ ಕಾಫಿಯನ್ನು ನಿಂತೇ ಕುಡಿದರು. ಅತ್ತೆ ಚೀಲದಿಂದ ಒಂದು ಕೊಬ್ಬರಿ ಮಿಠಾಯಿ ಕೊಟ್ಟರು. ಆತ ಅರ್ಧ ತಿಂದು ಉಳಿದದ್ದನ್ನು ಜೇಬಿಗೆ ಹಾಕಿಕೊಂಡರು. ಒಳಗೆ ಬನ್ನಿ ಅಂತ ಕರೆಯಲಿಲ್ಲವಲ್ಲ ಎಂದು ಆಮೇಲೆ ನಾನು ಚುಚ್ಚಿದೆ. ಕರೆದಿದ್ದರೆ ನೀನು ಹೋಗುತ್ತಿದ್ದೆಯಾ ಎಂದರು.

ಬಾಗಿಲಿನ ಹಿಂದಿನ ಅಂಗಳ

ನೀಲಿ ಗೆರೆ ಒಂದು ಸಾಮಾನ್ಯ ಬಾಗಿಲಿನ ಮುಂದೆ ನಿಂತಿತು. ಬೀದಿಯ ಕಡೆಗೇ ಒಂದು ಕಬ್ಬಿಣದ ಬಳೆ, ತಿರುಗಿಸಿ ತಳ್ಳಿದರೆ ತೆರೆಯಿತು. ಒಳಗೆ ಸಣ್ಣ ಓಣಿ, ಓಣಿಯ ಕೊನೆಗೆ ಹುಲ್ಲಿನ ಅಂಗಳ, ನಡುವೆ ನೀರೆತ್ತುವ ಹಳೇ ಪಂಪು, ಸುತ್ತ ಪುಟ್ಟ ಪುಟ್ಟ ಮನೆಗಳು. ಹಿಂದಿನ ಕಾಲದಲ್ಲಿ ಉಳ್ಳವರು ದಿಕ್ಕಿಲ್ಲದ ಮುದುಕಿಯರಿಗೆಂದು ಕಟ್ಟಿಸಿಕೊಟ್ಟದ್ದು. ಈಗ ಬೇರೆ ಬೇರೆ ಜನ ಬಾಡಿಗೆಗೆ ಇದ್ದಾರೆ. ಹಗಲು ಯಾರು ಬೇಕಾದರೂ ಬಂದು ನೋಡಬಹುದು, ಗಲಾಟೆ ಮಾಡಬಾರದು, ಸಂಜೆ ಬಾಗಿಲಿಗೆ ಬೀಗ. ಅಂಥ ಅಂಗಳ ಆ ಊರಿನಲ್ಲಿ ಹಲವಾರಿವೆ.

ನನಗೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿರಲಿಲ್ಲ. ಗೋಡೆ, ಬಾಗಿಲು, ಒಳಗೆ ನೆಮ್ಮದಿ. ಪಿಸುದನಿಯಲ್ಲೇ ವಾದ ಶುರು ಮಾಡಿದೆ. ಅತ್ತೆ ಕೇಳುತ್ತಿರಲಿಲ್ಲ. ಹುಲ್ಲಿನ ಮೇಲೆ ಹಾಸಿದ ಹಲಗೆಗಳ ತುಂಬ ಯಾರೋ ಹರಡಿಟ್ಟಿದ್ದ ವಸ್ತುಗಳನ್ನು ನೋಡುತ್ತಿದ್ದರು. ಅಂಗೈಯಗಲದ ಅರ್ಧಗೋಲಗಳು, ಹೊರಗೆ ಕಂದು, ಒಳಗೆ ಬಿಳಿ, ಬಾಯಿ ಮೇಲಾಗಿ ಸಾಲು ಸಾಲು. ನಮ್ಮವರಿಗೆ ಅದು ಏನಾಗಿ ಕಾಣಬೇಕೋ ಹಾಗೇ ಕಂಡಿತು. ಮೂಲೆಯಲ್ಲಿ ಒಂದು ಫಲಕವಿತ್ತು. ಓದಲು ಹೊರಟಿದ್ದೆ.

ಹನಿ ಬಿತ್ತು.

ಮುಂದಿನದನ್ನು ವಾದದ ಕ್ರಮದಲ್ಲಿ ಹೇಳಲು ಬರುವುದಿಲ್ಲ, ಏಕೆಂದರೆ ಅಲ್ಲಿ ವಾದ ಇರಲಿಲ್ಲ. ಮೊದಲು ಓಡಿದವಳು ನಾನು. ಕೋಟು ಬಿಚ್ಚಿ ನೆಲಕ್ಕೆ ಹಾಸಿ ಎರಡೂ ಕೈಯಿಂದ ಬಾಚತೊಡಗಿದ್ದೆ. ಅತ್ತೆ ಸೆರಗನ್ನು ಮಡಿಲು ಮಾಡಿ ಆ ತುದಿಯಿಂದ ಬಂದರು. ಯಾರು ಯಾವ ಸಾಲು ಎಂದು ಮಾತೇ ಆಗಲಿಲ್ಲ. ಓಣಿಯ ಸೂರಿನ ಕೆಳಗೆ ರಾಶಿ ಹಾಕಿ, ಮತ್ತೆ ಓಡಿ, ಮತ್ತೆ ತಂದೆವು. ಕೊನೆಯ ಮಡಿಲು ಸುರಿಯುವಾಗ ಅತ್ತೆ ಒಂದನ್ನು ಮೂಗಿನ ಹತ್ತಿರ ಹಿಡಿದರು.

“ಕೊಬ್ಬರಿಯಲ್ಲ ಕಣೇ ಇದು. ಮಣ್ಣು.”

ಕೈ ನೋಡಿಕೊಂಡೆ. ಮೊಣಕೈಯವರೆಗೂ ಕೆಸರು. ಸುಡದ ಹಸಿಮಣ್ಣಿನ ಬಟ್ಟಲುಗಳು, ಒಳಗೆ ಸುಣ್ಣ. ಕೆಲವು ನಮ್ಮ ಬೆರಳಿಗೆ ನುಗ್ಗಾಗಿದ್ದವು, ಕೆಲವು ಒಡೆದಿದ್ದವು. ಆಗ ಹೋಗಿ ಫಲಕ ಓದಿದೆ. ಇದೊಂದು ಕಲಾಕೃತಿ. ಮಳೆ ಬಂದ ಹಾಗೆಲ್ಲ ಬಟ್ಟಲುಗಳು ನೀರು ತುಂಬಿಕೊಂಡು ಮೆಲ್ಲಗೆ ಕರಗಿ ಹುಲ್ಲಿಗೆ ಸೇರುತ್ತವೆ, ದಯವಿಟ್ಟು ಮುಟ್ಟಬೇಡಿ ಎಂದಿತ್ತು.

ಮತ್ತೆ ಹರಡಿದ್ದು

ಹಳದಿ ರೈನ್‌ಕೋಟಿನ ಗಡ್ಡದವರೊಬ್ಬರು ಸೈಕಲ್ ತಳ್ಳಿಕೊಂಡು ಒಳಗೆ ಬಂದರು. ಬಟ್ಟಲು ಮಾಡಿದವರು ಅವರೇ. ಖಾಲಿ ಹಲಗೆ ನೋಡಿದರು, ರಾಶಿ ನೋಡಿದರು, ನಮ್ಮ ಕೈ ನೋಡಿದರು. ಕೂಗಾಡಲಿಲ್ಲ, ಅದು ಇನ್ನೂ ಕಷ್ಟವಾಯಿತು. ಪ್ರತಿ ಮಳೆಗೂ ಮಹಡಿಯ ಕಿಟಕಿಯಿಂದ ಒಂದು ಚಿತ್ರ ತೆಗೆಯುತ್ತಿದ್ದೇನೆ, ಇವತ್ತಿನದು ತಪ್ಪಿದರೆ ಸರಣಿಯೇ ಮುರಿದಂತೆ ಎಂದರು.

“ಏನಂತೆ?” ಎಂದರು ಅತ್ತೆ.

“ಮಳೆಗೆ ಕರಗಲಿ ಅಂತಲೇ ಇಟ್ಟಿದ್ದಂತೆ.”

“ಕರಗ್ಸೋಕೆ ಇಷ್ಟೊಂದು ಮಾಡಿದ್ನಾ? ತಲೆ ಸರಿ ಐತಾ ಕೇಳು. ಮೆತ್ತಗೆ ಕೇಳು.”

ಮೆತ್ತಗೇ ಕೇಳಿದೆ. ನಮ್ಮಮ್ಮನೂ ಇದನ್ನೇ ಕೇಳುತ್ತಾರೆ ಎಂದರು ಆತ. ಆಮೇಲೆ, ನೀವು ಏಕೆ ಹೀಗೆ ಮಾಡಿದಿರಿ ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಸಿಟ್ಟು ಕಡಿಮೆ, ಕುತೂಹಲವೇ ಹೆಚ್ಚಿತ್ತು.

ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ಎಂದು ಚೀಟಿ ಎತ್ತಿ ಹೇಳುತ್ತಾರೆ. ನಂಬಿಕೆ ಇಲ್ಲದ ಪಕ್ಷವನ್ನೂ ಮನಸ್ಸಿಟ್ಟು ಮಂಡಿಸಬೇಕು. ಆ ಓಣಿಯಲ್ಲಿ ನನ್ನ ಪಾಲಿಗೆ ಅತ್ತೆಯ ಚೀಟಿ ಬಂತು. ಅಟ್ಟದ ಮೇಲಿನ ಕಾಯಿ, ಅದು ಒಣಗಲು ಕಾಯುವುದು, ಒಂದು ಮಳೆಗೆ ಎಲ್ಲ ಹೋಗುವುದು, ಹನಿ ಬಿದ್ದರೆ ಕರೆಯದೆಯೇ ಬೀದಿಯೆಲ್ಲ ನುಗ್ಗುವುದು, ಮಾತು ಬಿಟ್ಟವರು ಬಾಚಿ ಹಾಕಿ ಮಾತಾಡದೆಯೇ ಹೋಗುವುದು, ಎಲ್ಲ ಹೇಳಿದೆ. ಅಂಗಳ ತೆರೆದಿರಬೇಕು, ಇಲ್ಲದಿದ್ದರೆ ಇದು ನಡೆಯುವುದಿಲ್ಲ ಎಂದೂ ನನ್ನ ಬಾಯಿಂದಲೇ ಬಂತು. ಹೇಳಿ ಮುಗಿಸಿದ ಮೇಲೆ ಅಭ್ಯಾಸದಂತೆ ಅದಕ್ಕೆ ಪ್ರತಿವಾದ ಹುಡುಕಿದೆ. ಕೈಯಲ್ಲಿ ಕೆಸರಿತ್ತು, ಪ್ರತಿವಾದ ಸಿಗಲಿಲ್ಲ.

ಪಕ್ಕದ ಮನೆಯ ಬಾಗಿಲು ತೆರೆದು ನೀಲಿ ಸ್ವೆಟರಿನ ಅಜ್ಜಿಯೊಬ್ಬರು ಎಷ್ಟೋ ಹೊತ್ತಿನಿಂದ ಕೇಳುತ್ತ ನಿಂತಿದ್ದರು. ಪ್ರತಿ ಮಳೆಗೂ ಅಡುಗೆಮನೆ ಕಿಟಕಿಯಿಂದ ಇವು ನೆನೆಯುವುದನ್ನು ನೋಡುತ್ತೇನೆ, ಪ್ರತಿ ಸಲವೂ ಎತ್ತಿಡಬೇಕು ಎಂದು ಕೈ ಕಡಿಯುತ್ತದೆ, ಆದರೆ ಫಲಕ ಬೇಡ ಅನ್ನುತ್ತದಲ್ಲ ಎಂದರು. ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ಅಜ್ಜಿಯ ಕಡೆ ನೋಡಿ ತಲೆಯಾಡಿಸಿದರು, ಬಹಳ ದಿನದ ಪರಿಚಯದವರ ಹಾಗೆ.

ಬಟ್ಟಲುಗಳನ್ನು ವಾಪಸು ಇಡಬೇಕಿತ್ತು. ನಾಲ್ವರೂ ಸೇರಿ ಸುರಿಯುವ ಮಳೆಯಲ್ಲಿ ಒಂದೊಂದೇ ಇಟ್ಟೆವು. ನನಗೆ ತಿಳಿದಂತೆ ನಮ್ಮ ವಂಶದಲ್ಲಿ ಮಳೆ ಬರುವಾಗ ಅಂಗಳಕ್ಕೆ ಏನನ್ನಾದರೂ ಹರಡಿದವರು ನಾವೇ ಮೊದಲಿಗರು. ಅತ್ತೆಯ ಮುಖ ನೋಡಲಾಗುತ್ತಿರಲಿಲ್ಲ, ಹಾಲಿಗೆ ಉಪ್ಪು ಹಾಕು ಎನ್ನಿಸಿಕೊಂಡವರ ಮುಖ. ನನ್ನ ಸಾಲು ಮುಗಿಸಿ ತಿರುಗಿ ನೋಡಿದರೆ ಅತ್ತೆ ತಮ್ಮ ಸಾಲಿನ ಬಟ್ಟಲುಗಳನ್ನೆಲ್ಲ ಬೋರಲು ಇಟ್ಟಿದ್ದರು, ಒಳಗೆ ನೀರು ನಿಲ್ಲದ ಹಾಗೆ. ಮಗುಚಿಡಿ ಎಂದು ಹೇಳಲು ನಾನು ಬಾಯಿ ತೆರೆದೆ. ಗಡ್ಡದವರು ಬೇಡ ಎಂದು ಕೈಯಾಡಿಸಿ ಮಹಡಿಗೆ ಹೋಗಿ ಚಿತ್ರ ತೆಗೆದುಕೊಂಡರು. ಆ ಒಂದು ಸಾಲು ಹಾಗೇ ಉಳಿಯಿತು.

ಸ್ಟೇಷನ್ನಿನ ದಾರಿ

ಗೆದ್ದ ಅತ್ತೆ ಮೆರೆಯುತ್ತಾರೆ ಎಂದುಕೊಂಡಿದ್ದೆ. ಬಹಳ ದೂರ ಬಂದ ಮೇಲೆ ಅತ್ತೆ, “ಗೋಡೆ ಕಟ್ಸಣ ಬುಡು,” ಎಂದರು.

ನಾನು ನಿಂತೆ. ಬೇಡ ಅತ್ತೆ, ಈಗ ತಾನೇ ನಿಮ್ಮ ಪಕ್ಷವನ್ನು ಮಂಡಿಸಿ ಬಂದೆ ಎಂದೆ.

“ನೀನು ಚೆನ್ನಾಗೇ ಹೇಳ್ದೆ. ಆದ್ರೆ ನಾವು ಎಲ್ಲಿಂದ ಬಂದ್ವೇ? ಗೋಡೆ ದಾಟಿ ತಾನೇ ಒಳಗೆ ಹೋಗಿದ್ದು. ಗುರುತಿಲ್ಲ, ಪರಿಚಯ ಇಲ್ಲ, ಆದ್ರೂ ಬಾಚಿದ್ವಿ. ಓಡೋರು ಗೋಡೆ ಇದ್ರೂ ಓಡ್ತಾರೆ.”

ಗೋಡೆಯಲ್ಲಿ ಬಾಗಿಲಿತ್ತು, ಬಾಗಿಲಿನ ಬಳೆ ಬೀದಿಯ ಕಡೆಗಿತ್ತು, ಅದಕ್ಕೆ ಓಡಲು ಆಯಿತು ಎಂದೆ. ಕಳ್ಳರ ವಿಷಯ ನೀನೇ ತೆಗೆದದ್ದಲ್ಲವೇ ಎಂದರು. ರಂಗಮ್ಮನ ವಿಷಯ ನೀವು ತೆಗೆದದ್ದಲ್ಲವೇ ಎಂದೆ. ಹೀಗೆ ಒಬ್ಬರ ಪಕ್ಷವನ್ನು ಇನ್ನೊಬ್ಬರು ಹೊತ್ತು, ಸ್ಮಿತಾಳ ಮನೆ ಕಡೆಯ ರೈಲಿನ ಪ್ಲಾಟ್‌ಫಾರಂ ತಲುಪಿದಾಗ ಅತ್ತೆಯ ಫೋನ್ ಬಡಿದುಕೊಂಡಿತು. ನಾಗರಾಜು ಮೇಸ್ತ್ರಿ. ನಾನು ಕೈ ಚಾಚುವಷ್ಟರಲ್ಲಿ ಅತ್ತೆ, ಗೋಡೆ ಎಬ್ಬಿಸಪ್ಪ, ಗೇಟೂ ಇಡು ಎಂದು ಹೇಳಿ ಮುಗಿಸಿದ್ದರು. ನನ್ನ ಮೊದಲ ವಾದ ಗೆದ್ದಿತ್ತು, ಎರಡನೆಯದು ಸೋತಿತ್ತು. ಅಂಥ ಫಲಿತಾಂಶಕ್ಕೆ ಯಾವ ಸ್ಪರ್ಧೆಯಲ್ಲೂ ಕಪ್ ಇಲ್ಲ.

ನಮ್ಮೂರು

ಸ್ಮಿತಾಳ ಪರೀಕ್ಷೆ ಮುಗಿಸಿಕೊಂಡು ಮರಳಿ ಬರುವಷ್ಟರಲ್ಲಿ ಗೋಡೆ ಎದ್ದಿತ್ತು. ಬೂದು ಬಣ್ಣದ್ದು, ಎದೆಯೆತ್ತರದ್ದು, ಅದಕ್ಕೊಂದು ಕಬ್ಬಿಣದ ಗೇಟು, ಗೇಟಿಗೆ ಒಳಗಡೆಯಿಂದ ಚಿಲಕ, ಚಿಲಕಕ್ಕೆ ಬೀಗ.

ಒಂದು ದಿನ ಅಂಗಳದ ತುಂಬ ಕೊಬ್ಬರಿ ಹರಡಿ, ಗೇಟಿನ ಮೇಲಿಂದ ಕೈಯಿಳಿಸಿ ಬೀಗ ಹಾಕಿ, ಮನೆಮಂದಿಯೆಲ್ಲ ತಿಪಟೂರಿಗೆ ಒಂದು ಮದುವೆಗೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಕೂತಾಗ ಶಾಮಿಯಾನದ ಮೇಲೆ ಟಪಟಪ ಸದ್ದು ಶುರುವಾಯಿತು. ಅತ್ತೆ ಎಲೆಯ ಮುಂದಿನಿಂದ ಎದ್ದೇಬಿಟ್ಟರು. ಅವರ ಹಿಂದೆಯೇ ನಾನೂ ಹೊರಟೆ. ದಾರಿಯಲ್ಲಿ ಇಬ್ಬರಲ್ಲಿ ಯಾರು ಮಾತಾಡಿದರೂ ಅದು ತಮ್ಮದೇ ವಾದಕ್ಕೆ ವಿರುದ್ಧವಾಗುತ್ತಿತ್ತು.

ಮನೆ ತಲುಪಿದಾಗ ಗೇಟು ಹಾರುಹೊಡೆದಿತ್ತು. ಚಿಲಕ ಕಿತ್ತು ಬೀಗದ ಸಮೇತ ನೆಲದ ಮೇಲೆ ಬಿದ್ದಿತ್ತು. ಅಂಗಳ ಖಾಲಿ. ಕಳ್ಳತನವೆಂದೇ ನನ್ನ ಮನಸ್ಸು ತೀರ್ಮಾನ ಕೊಟ್ಟಿತು. ಆಮೇಲೆ ಜಗಲಿ ಕಂಡಿತು. ಕೊಬ್ಬರಿ ಅಷ್ಟೂ ಅಲ್ಲಿ ಗುಡ್ಡೆಯಾಗಿತ್ತು, ಮೇಲೆ ನಮ್ಮದಲ್ಲದ ಒಂದು ಟಾರ್ಪಾಲು.

ಎದುರು ಮನೆಯಿಂದ ರಂಗಮ್ಮ ತಲೆ ಒರೆಸಿಕೊಳ್ಳುತ್ತ ಬಂದರು. “ಗೋಡೆ ಚೆಂದಾಗೈತೆ ಕಣವ್ವ,” ಎಂದರು. “ಹಾರಕ್ಕೋಗಿ ನನ್ನ ಸೀರೆ ಹರೀತು. ಆಮೇಲೆ ಹಾರೆ ತಂದ್ವಿ. ಚಿಲಕ ಮಾತ್ರ ಗಟ್ಟಿ ಮಾಡವ್ನೆ ಮೇಸ್ತ್ರಿ, ಬೇಗ ಬರ್ನಿಲ್ಲ.” ಟಾರ್ಪಾಲು ನಿಧಾನಕ್ಕೆ ಕೊಡಿ ಎಂದು ಹೇಳಿ ಹೊರಟುಹೋದರು.

ಮರುದಿನ ಮೇಸ್ತ್ರಿ ಹೊಸ ಚಿಲಕ ಹಿಡಿದು ಬಂದು, ಮೊದಲಿನಂತೆ ಒಳಗಡೆ ಹಾಕಲಾ ಎಂದು ಕೇಳಿದರು. ಅತ್ತೆ ನನ್ನ ಕಡೆ ನೋಡಿದರು.

“ಹೊರಗಡೆ ಹಾಕಿ, ಬೀಗ ಬೇಡ,” ಎಂದೆ.

“ಹೊರಗಿಟ್ರೆ ಕಳ್ಳಂಗೂ ಸಿಕ್ತದಲ್ಲ, ಮೇಡಂ.”

“ಸಿಕ್ಕುತ್ತೆ. ರಂಗಮ್ಮಂಗೂ ಸಿಕ್ಕುತ್ತೆ.”

ಮೇಸ್ತ್ರಿ ಅತ್ತೆಯ ಮುಖ ನೋಡಿದರು, ಅತ್ತೆ ಅಡಿಕೆ ಕತ್ತರಿಸುತ್ತಿದ್ದರು. ಚಿಲಕ ಹೊರಗಡೆ ಕೂತಿತು. ಕಳ್ಳನ ಪ್ರಶ್ನೆ ಒಳ್ಳೆಯ ಪ್ರಶ್ನೆ, ಅದನ್ನು ಮೇಸ್ತ್ರಿಗಿಂತ ಮೊದಲೇ, ಅವರಿಗಿಂತ ಚೆನ್ನಾಗಿ ಕೇಳಿದವಳು ನಾನು. ಅದಕ್ಕೆ ಅತ್ತೆ ಒಂದು ಉತ್ತರ ಕಂಡುಹಿಡಿದರು. ಕತ್ತಲಾಗುವ ಮುಂಚೆ ಅಂಗಳದ ಕೊಬ್ಬರಿಯನ್ನೆಲ್ಲ ಮಂಕರಿಗೆ ತುಂಬಿ ಪಡಸಾಲೆಗೆ ಹೊತ್ತು ತರಬೇಕು, ಬೆಳಿಗ್ಗೆ ಮತ್ತೆ ಹೊತ್ತು ಹರಡಬೇಕು. ವಾದ ಗೆದ್ದವರೇ ಹೊರಬೇಕಂತೆ. ಗೆದ್ದದ್ದು ನಾನೆಂದು ಅವರು ತಕರಾರಿಲ್ಲದೆ ಒಪ್ಪಿಕೊಂಡಿದ್ದಾರೆ.